ರಕ್ತಪಿಶಾಚಿ ಸರಣಿಗಳು ಮತ್ತು ಬದಲಾಗುವ ಓದುಗರು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ವಿದ್ಯಾನಗರದಲ್ಲಿ ಸೇರುವ ನಮ್ಮ ಓದುಗರ ಬಳಗದಲ್ಲಿ ವ್ಯಾಂಪೈರ್ ಕಾದಂಬರಿಗಳ ಮಾತು ಬಂದಾಗಲೆಲ್ಲ ಚರ್ಚೆ ಎರಡು ವಾಕ್ಯಗಳಲ್ಲಿ ಸಿಕ್ಕಿಕೊಳ್ಳುತ್ತದೆ. "ಆಗ ಎಷ್ಟು ಚೆನ್ನಾಗಿತ್ತು" ಎಂಬುದು ಒಂದು, "ಆಗ ನಮಗೆ ಬುದ್ಧಿ ಇರಲಿಲ್ಲ" ಎಂಬುದು ಇನ್ನೊಂದು. ಈ ಎರಡರ ನಡುವೆ ಬದಲಾದದ್ದು ಪುಸ್ತಕವೋ, ಓದುಗರೋ, ಕಾಲವೋ ಎಂಬುದನ್ನು ಬಿಡಿಸಿ ನೋಡುವವರು ಕಡಿಮೆ. ಬಳಗಕ್ಕೆ ಹೊಸದಾಗಿ ಬರುವ ಕಾಲೇಜು ವಿದ್ಯಾರ್ಥಿಗಳು, ಅವರ ತಂದೆತಾಯಂದಿರು ಮತ್ತು ಚಿತ್ರದುರ್ಗ, ಹರಿಹರಗಳಿಂದ ಬರುವ ಹಿರಿಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕಥೆಗಳ ಅಂತ್ಯವನ್ನು ಮುಚ್ಚಿಟ್ಟಿಲ್ಲವಾದ್ದರಿಂದ, ಇನ್ನೂ ಓದಬೇಕಿರುವವರು ನೋಡಿಕೊಂಡು ಮುಂದುವರಿಯಬೇಕು.

ಟ್ವೈಲೈಟ್ ಸರಣಿಯನ್ನು ಊಟ ನಿದ್ರೆ ಬಿಟ್ಟು ಓದಿದವರೇ ಆಮೇಲೆ ಅದನ್ನು ಗೇಲಿ ಮಾಡಿದ್ದೇಕೆ?

ಸ್ಟೆಫನಿ ಮೇಯರ್ ಅವರ ನಾಲ್ಕು ಕಾದಂಬರಿಗಳು 2005ರಿಂದ 2008ರವರೆಗೆ ವರ್ಷಕ್ಕೊಂದರಂತೆ ಹೊರಬಂದವು. ಕೊನೆಯ ಭಾಗ ಬಂದ ವರ್ಷವೇ ಮೊದಲ ಚಲನಚಿತ್ರವೂ ತೆರೆಕಂಡು, 2012ರ ಹೊತ್ತಿಗೆ ಐದು ಚಿತ್ರಗಳು ಬಂದಿದ್ದವು. ಹೀಗಾಗಿ ಮೆಚ್ಚುಗೆ, ಗೀಳು, ಬೇಸರ ಮೂರೂ ಏಳೆಂಟು ವರ್ಷಗಳೊಳಗೆ ಒಂದರ ಮೇಲೊಂದು ಬಂದು ಬಿದ್ದವು. ನಮ್ಮ ಊರಿನ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್‌ಗಳಲ್ಲಿ ಒಂದೇ ಪ್ರತಿ ಕೈಯಿಂದ ಕೈಗೆ ಓಡಾಡಿ ರಟ್ಟು ಕಳಚಿಕೊಂಡದ್ದೂ ಆ ವರ್ಷಗಳಲ್ಲೇ.

ಗೇಲಿಯಲ್ಲಿ ನ್ಯಾಯವಾದ ಭಾಗವೊಂದಿತ್ತು. ವ್ಯಾಂಪೈರ್ ನಾಯಕ ಎಡ್ವರ್ಡ್‌ನ ರೂಪವರ್ಣನೆ ಪುಟಪುಟಕ್ಕೂ ಮರುಕಳಿಸುತ್ತದೆ. ಅವನನ್ನು ಪ್ರೀತಿಸುವ ಹೈಸ್ಕೂಲು ಹುಡುಗಿ ಬೆಲ್ಲಾಳಿಗೆ ಅವನನ್ನು ಬಿಟ್ಟರೆ ಬದುಕಿನಲ್ಲಿ ಬೇರೆ ಗುರಿಯೇ ಕಾಣುವುದಿಲ್ಲ. ನಾಲ್ಕನೆಯ ಭಾಗದಲ್ಲಿ ನೂರಾರು ಪುಟಗಳ ಕಾಲ ಯುದ್ಧದ ಸಿದ್ಧತೆ ನಡೆಸಿ, ಕೊನೆಗೆ ಎಲ್ಲವನ್ನೂ ಮಾತುಕತೆಯಲ್ಲಿ ಮುಗಿಸಲಾಗುತ್ತದೆ. ಬೆಲ್ಲಾಳನ್ನು ಪ್ರೀತಿಸುತ್ತಿದ್ದ ತೋಳಮಾನವ ಜೇಕಬ್ ಅವಳ ಹಸುಗೂಸಿಗೇ ಜೀವನಪೂರ್ತಿ ಬಂಧಿತನಾಗುವ ಪ್ರಸಂಗವಂತೂ ಕಟ್ಟಾ ಅಭಿಮಾನಿಗಳಿಗೂ ಗಂಟಲಲ್ಲಿ ಇಳಿಯಲಿಲ್ಲ. ಪುಸ್ತಕವನ್ನು ಸುಡುವುದು ಬೇಡ, ಅಂಗಡಿಗೇ ಹಿಂದಿರುಗಿಸೋಣ ಎಂದು 2008ರಲ್ಲಿ ಕರೆ ಕೊಟ್ಟವರು ಶತ್ರುಗಳಲ್ಲ, ಮೊದಲ ಮೂರು ಭಾಗಗಳನ್ನು ಎದೆಗಪ್ಪಿಕೊಂಡಿದ್ದ ಓದುಗರೇ.

ಗೇಲಿಯ ಉಳಿದ ಭಾಗಕ್ಕೆ ಪುಸ್ತಕದ ಗುಣದೋಷಗಳ ಜೊತೆ ಸಂಬಂಧವೇ ಇರಲಿಲ್ಲ. ಹದಿನಾರರ ಹುಡುಗಿಯರು ಮೆಚ್ಚಿದ್ದು ಹಗುರವೇ ಆಗಿರಬೇಕು ಎಂಬ ಪೂರ್ವಗ್ರಹ ಅಲ್ಲಿ ಕೆಲಸ ಮಾಡಿತು. ಕನ್ನಡದ ಓದುಗರಿಗೆ ಇದು ಹೊಸದೇನಲ್ಲ. ಲೇಖಕಿಯರ ಜನಪ್ರಿಯ ಕಾದಂಬರಿಗಳನ್ನು "ಅಡುಗೆಮನೆ ಸಾಹಿತ್ಯ" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ ವಿಮರ್ಶೆ ನಮ್ಮಲ್ಲೂ ಇತ್ತು. ಹಾಗೆ ತಳ್ಳಿದವರಲ್ಲಿ ಎಷ್ಟೋ ಮಂದಿ ತ್ರಿವೇಣಿಯವರನ್ನಾಗಲಿ ಎಂ.ಕೆ. ಇಂದಿರಾ ಅವರನ್ನಾಗಲಿ ಪೂರ್ತಿ ಓದಿರಲಿಲ್ಲ. ಬಾಡಿಗೆ ಗ್ರಂಥಾಲಯದಿಂದ ವಾರಕ್ಕೆರಡು ಪುಸ್ತಕ ತಂದು ಓದುತ್ತಿದ್ದ ಹೆಂಗಸರು ಅವರನ್ನು ಬಲ್ಲಷ್ಟು ಆ ವಿಮರ್ಶಕರು ಬಲ್ಲವರಾಗಿರಲಿಲ್ಲ. ನಮ್ಮ ಬಳಗದಲ್ಲಿಯೂ ಟ್ವೈಲೈಟ್ ಬಗ್ಗೆ ಅತಿ ಕಟುವಾಗಿ ಮಾತನಾಡುವವರು ಹೆಚ್ಚಾಗಿ ಸಿನಿಮಾವನ್ನಷ್ಟೇ ನೋಡಿದವರು ಎಂಬುದನ್ನು ಇಲ್ಲಿ ಹೇಳಲೇಬೇಕು.

ಹಾಗಿದ್ದರೆ ಈಗ ಅದೇ ಸರಣಿಗೆ ಮರಳಿ ಮರ್ಯಾದೆ ಬಂದಿರುವುದು ಸರಿಯೇ?

ಅರ್ಧ ಸರಿ. 2020ರ ಆಗಸ್ಟ್‌ನಲ್ಲಿ ಅದೇ ಕಥೆಯನ್ನು ಎಡ್ವರ್ಡ್‌ನ ಬಾಯಿಂದ ಹೇಳಿಸುವ 'ಮಿಡ್‌ನೈಟ್ ಸನ್' ಬಂದಿತು. ಅದರ ಅಪೂರ್ಣ ಕರಡು 2008ರಲ್ಲೇ ಸೋರಿಹೋಗಿದ್ದರಿಂದ ಲೇಖಕಿ ಬರವಣಿಗೆಯನ್ನು ಕೈಬಿಟ್ಟಿದ್ದರು. ಪುಸ್ತಕ ಬಂದದ್ದು ಕೊರೋನಾ ಕಾಲದಲ್ಲಿ. ಮೊದಲ ಸಲ ಓದುವಾಗ ಪಿಯುಸಿಯಲ್ಲಿದ್ದವರು ಅಷ್ಟರಲ್ಲಿ ಮೂವತ್ತರ ಆಸುಪಾಸಿಗೆ ಬಂದಿದ್ದರು, ಮನೆಯಲ್ಲೇ ಕೂತಿದ್ದರು, ಹಳೆಯದನ್ನೆಲ್ಲ ತೆರೆದು ನೋಡುವ ಮನಸ್ಸಿನಲ್ಲಿದ್ದರು. ಆಗ ದೊರೆತ ಮೆಚ್ಚುಗೆಯಲ್ಲಿ ಬಹುಪಾಲು ಸ್ವಂತ ಹರೆಯದ ನೆನಪಿಗೆ ಸಲ್ಲಬೇಕಾದದ್ದು, ಪುಸ್ತಕಕ್ಕಲ್ಲ.

ಆದರೂ ಮರುಓದಿನಲ್ಲಿ ಪುಸ್ತಕಕ್ಕೇ ಸಲ್ಲುವ ಎರಡು ಸಂಗತಿಗಳು ಕಾಣುತ್ತವೆ. ಎಡ್ವರ್ಡ್‌ನ ನಿರೂಪಣೆಯಲ್ಲಿ, ಜೀವಶಾಸ್ತ್ರದ ತರಗತಿಯಲ್ಲಿ ಬೆಲ್ಲಾ ಪಕ್ಕದಲ್ಲಿ ಕುಳಿತ ಮೊದಲ ದಿನ ಅವನು ಲೆಕ್ಕ ಹಾಕುತ್ತಿರುವುದು, ಸಾಕ್ಷಿ ಉಳಿಯದಂತೆ ಆ ಕೋಣೆಯಲ್ಲಿರುವ ಅಷ್ಟೂ ಮಕ್ಕಳನ್ನು ಹೇಗೆ ಕೊಲ್ಲಬಹುದೆಂದು. ಬೆಲ್ಲಾಳ ಬಾಯಲ್ಲಿ ಪ್ರೇಮಕಥೆಯಾಗಿದ್ದದ್ದು ಇಲ್ಲಿ ಭಯದ ಕಥೆಯಾಗುತ್ತದೆ. ಹಿಂದೆ ನಾವು ಓದಿದ್ದು ಕಥೆಯ ಒಂದು ಮಗ್ಗುಲನ್ನು ಮಾತ್ರ ಎಂಬುದು ತಿಳಿಯುತ್ತದೆ. ಇನ್ನೊಂದು ಸಂಗತಿ ಮಳೆ. ಕಥೆ ನಡೆಯುವ ಫೋರ್ಕ್ಸ್ ಎಂಬುದು ವಾಷಿಂಗ್ಟನ್ ರಾಜ್ಯದ ನಿಜವಾದ ಊರು, ಅಮೆರಿಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲೊಂದರಲ್ಲಿರುವುದು. ಹಸಿರು, ಮಂಜು, ಒದ್ದೆ ಮರ, ಎಂದೂ ಬಾರದ ಬಿಸಿಲು ಇವು ಆ ಕಾದಂಬರಿಯ ನಿಜವಾದ ಮಾಯೆ ಎಂದು ನಮ್ಮಲ್ಲಿ ಮೊದಲು ಗುರುತಿಸಿದವರು ಚಳ್ಳಕೆರೆ ಕಡೆಯ ಸದಸ್ಯರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಒಂದಾದ ಅಲ್ಲಿ ಕುಳಿತು ಓದುವವರಿಗೆ ನಾಯಕನಿಗಿಂತ ಅವನ ಊರಿನ ಹವೆಯೇ ಹೆಚ್ಚು ಅಲೌಕಿಕವಾಗಿ ತೋರಿದರೆ ಆಶ್ಚರ್ಯವಿಲ್ಲ.

ಬಿಸಿಲಿಗೆ ಸುಟ್ಟುಹೋಗಬೇಕಾದ ವ್ಯಾಂಪೈರ್ ಟ್ವೈಲೈಟ್‌ನಲ್ಲಿ ಬಿಸಿಲಿಗೆ ಮಿನುಗುವುದು ನಿಯಮಭಂಗವಲ್ಲವೇ?

ಯಾವ ನಿಯಮ ಎಂದು ಮೊದಲು ಕೇಳಬೇಕಾಗುತ್ತದೆ. ಬ್ರಾಮ್ ಸ್ಟೋಕರ್ ಅವರ 1897ರ 'ಡ್ರಾಕುಲಾ' ಕಾದಂಬರಿಯಲ್ಲಿ ಕೌಂಟ್ ಹಗಲಿನಲ್ಲಿಯೇ ಲಂಡನ್ನಿನ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಹಗಲು ಅವನ ಶಕ್ತಿ ಕುಂದುತ್ತದೆ, ಅಷ್ಟೇ. ಸೂರ್ಯನ ಬೆಳಕು ತಗುಲಿ ರಕ್ತಪಿಶಾಚಿ ಇಲ್ಲವಾಗುವ ಕಲ್ಪನೆಯನ್ನು ಜನಪ್ರಿಯಗೊಳಿಸಿದ್ದು 1922ರ ಜರ್ಮನ್ ಮೂಕಿಚಿತ್ರ 'ನೊಸ್ಫೆರಾಟು'. ಅನುಮತಿಯಿಲ್ಲದೆ ಡ್ರಾಕುಲಾ ಕಥೆಯನ್ನೇ ಬಳಸಿಕೊಂಡಿದ್ದಕ್ಕಾಗಿ ಸ್ಟೋಕರ್ ಅವರ ಪತ್ನಿ ಮೊಕದ್ದಮೆ ಹೂಡಿ ಗೆದ್ದರು. ಪ್ರತಿಗಳನ್ನು ನಾಶಮಾಡಬೇಕೆಂದು ನ್ಯಾಯಾಲಯ ಆದೇಶಿಸಿತು. ಆದರೂ ಚಿತ್ರ ಉಳಿಯಿತು, ಅದರೊಡನೆ ಬಿಸಿಲಿನ ನಿಯಮವೂ ಉಳಿಯಿತು. ಸಂಪ್ರದಾಯವೆಂದು ಇಂದು ವಾದಿಸುವ ಎಷ್ಟೋ ಮಂದಿ ಹಿಡಿದುಕೊಂಡಿರುವುದು ಒಂದು ಸಿನಿಮಾದ ಕೊನೆಯ ದೃಶ್ಯವನ್ನು.

ಮಿನುಗುವಿಕೆಯ ಮೇಲಿನ ನನ್ನ ತಕರಾರು ಬೇರೆ. ಆ ವ್ಯಾಂಪೈರ್‌ಗಳಿಗೆ ಅದರಿಂದ ಏನೂ ನಷ್ಟವಾಗುವುದಿಲ್ಲ, ಗುಟ್ಟು ಬಯಲಾಗುವ ಭಯವೊಂದನ್ನು ಬಿಟ್ಟರೆ. ಬೆಲೆ ತೆರದೆ ಅಮರತ್ವ ದೊರೆತಾಗ ಕಥೆಯ ಬಿಗಿ ಸಡಿಲವಾಗುತ್ತದೆ. (ಏಪ್ರಿಲ್ ತಿಂಗಳಿನಲ್ಲಿ ದಾವಣಗೆರೆಗೆ ಬಂದಿದ್ದರೆ ಎಡ್ವರ್ಡ್ ಕೂಡ ಮಿನುಗುವ ಉತ್ಸಾಹದಲ್ಲಿರುತ್ತಿರಲಿಲ್ಲ ಎಂಬುದು ಬಳಗದ ಹಳೆಯ ನಗೆಮಾತು.)

ಹೈಸ್ಕೂಲಿನಲ್ಲಿ ಓದುತ್ತಿರುವ ಮಗಳು ಟ್ವೈಲೈಟ್ ಸರಣಿ ಕೇಳುತ್ತಿದ್ದಾಳೆ. ಕೊಡಿಸಬಹುದೇ?

ಕೊಡಿಸಬಹುದು, ಆದರೆ ನೀವೂ ಓದಬೇಕು. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಸಾಯುವ ಹಂತದಲ್ಲಿ ವ್ಯಾಂಪೈರ್ ಆಗಿ ಮಾರ್ಪಟ್ಟ ಎಡ್ವರ್ಡ್ ಮೈಯಲ್ಲಿ ಹದಿನೇಳರವನು, ವಯಸ್ಸಿನಲ್ಲಿ ನೂರು ದಾಟಿದವನು. ಅವನು ಬೆಲ್ಲಾಳ ಅರಿವಿಗೆ ಬಾರದಂತೆ ರಾತ್ರಿ ಕೋಣೆಗೆ ಬಂದು ಅವಳು ಮಲಗಿರುವುದನ್ನು ನೋಡುತ್ತ ನಿಲ್ಲುತ್ತಾನೆ. ಅವಳು ಯಾರ ಮನೆಗೆ ಹೋಗಬಾರದೆಂದು ಒಂದು ಹಂತದಲ್ಲಿ ತಾನೇ ತೀರ್ಮಾನಿಸುತ್ತಾನೆ. 2005ರಲ್ಲಿ ಇದನ್ನು ಗಾಢ ಪ್ರೇಮವೆಂದು ಓದಿದ ತಲೆಮಾರೇ ಇಂದು ಹಿಂಬಾಲಿಸುವಿಕೆ ಎನ್ನುತ್ತಿದೆ. ಇಲ್ಲಿ ಬದಲಾದದ್ದು ಪುಸ್ತಕದ ಒಂದಕ್ಷರವೂ ಅಲ್ಲ. ಆ ಹುಡುಗಿಯರು ಕಾಲೇಜಿಗೆ ಹೋದರು, ಕೆಲಸಕ್ಕೆ ಸೇರಿದರು, ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಯಾರಾದರೂ ಹಿಂದೆ ಬಂದರೆ ಹೇಗಿರುತ್ತದೆಂದು ಕಂಡುಕೊಂಡರು.

ತಡೆದರೆ ಮಗಳು ಗೆಳತಿಯ ಮೊಬೈಲಿನಲ್ಲಿ ಓದುತ್ತಾಳೆ. ಅದರ ಬದಲು, ಆ ಕೋಣೆಯ ದೃಶ್ಯವನ್ನು ಓದಿದ ಮೇಲೆ ಅವಳಿಗೆ ಏನನ್ನಿಸಿತೆಂದು ಕೇಳುವುದು ಒಳ್ಳೆಯದು. ಈಗಿನ ಮಕ್ಕಳ ಉತ್ತರ ಸಾಮಾನ್ಯವಾಗಿ ತಾಯಂದಿರ ಉತ್ತರಕ್ಕಿಂತ ಖಾರವಾಗಿರುತ್ತದೆ.

ಟ್ವೈಲೈಟ್ ಕಥೆಯಲ್ಲಿ ಬರುವ ತೋಳಮಾನವರ ಬುಡಕಟ್ಟು ನಿಜವಾಗಿ ಇದೆಯೇ?

ಇದೆ. ಕ್ವಿಲಿಯೂಟ್ ಎಂಬ ಆ ಸಮುದಾಯ ಫೋರ್ಕ್ಸ್‌ಗೆ ಸಮೀಪದ ಲಾ ಪುಷ್ ಎಂಬ ಕಡಲತೀರದ ಊರಿನಲ್ಲಿ ವಾಸಿಸುತ್ತದೆ. ಅವರ ಮೂಲಪುರಾಣದಲ್ಲಿ ತೋಳಗಳಿಂದ ಮನುಷ್ಯರಾದ ಕಥೆಯುಂಟು. ರಕ್ತಪಿಶಾಚಿಗಳ ಜೊತೆಗಿನ ವೈರ ಲೇಖಕಿಯ ಕಲ್ಪನೆ. ಬದುಕಿರುವ ಜನರ ಹೆಸರನ್ನೂ ನಂಬಿಕೆಯನ್ನೂ ಎತ್ತಿಕೊಂಡು ಕೋಟಿಗಟ್ಟಲೆ ಗಳಿಸಿದ ಉದ್ಯಮದಿಂದ ಆ ಸಮುದಾಯಕ್ಕೆ ಏನು ದಕ್ಕಿತೆಂಬ ಪ್ರಶ್ನೆಯನ್ನು ಮೊದಲ ಓದಿನಲ್ಲಿ ಹೆಚ್ಚಿನವರು ಕೇಳಿಕೊಂಡಿರಲಿಲ್ಲ. ಈಗ ಕೇಳುತ್ತಿದ್ದಾರೆ, ಮತ್ತು ಈ ಒಂದು ವಿಷಯದಲ್ಲಿ ಅಭಿಪ್ರಾಯ ಮತ್ತೆ ಹಿಂದಕ್ಕೆ ಹೋಗುವ ಲಕ್ಷಣವಿಲ್ಲ.

ಆನ್ ರೈಸ್ ಅವರ ಕಾದಂಬರಿಗಳು ಎಲ್ಲ ಕಾಲಕ್ಕೂ ಗೌರವ ಉಳಿಸಿಕೊಂಡವು ಎನ್ನುತ್ತಾರೆ. ಇದು ನಿಜವೇ?

ನಿಜವಲ್ಲ. ಅವರ ಬಗೆಗಿನ ಅಭಿಪ್ರಾಯದಷ್ಟು ಏರಿಳಿತ ಕಂಡದ್ದು ಈ ಕ್ಷೇತ್ರದಲ್ಲಿ ಅಪರೂಪ. ಅದು ಬಿಡಿಸಿ ನೋಡಲು ಯೋಗ್ಯವಾದದ್ದು ಕೂಡ.

'ಇಂಟರ್‌ವ್ಯೂ ವಿತ್ ದಿ ವ್ಯಾಂಪೈರ್' 1976ರಲ್ಲಿ ಬಂದಿತು. ಪಿಶಾಚಿಯನ್ನು ಹೊರಗಿನಿಂದ ಬೇಟೆಯಾಡುವ ಕಥೆಗಳಿದ್ದ ಕಾಲದಲ್ಲಿ ಅದು ಪಿಶಾಚಿಯನ್ನೇ ಕೂರಿಸಿ, ಅವನ ದುಃಖವನ್ನು ಅವನ ಬಾಯಿಂದಲೇ ಹೇಳಿಸಿತು. ಆ ಕಾದಂಬರಿಯ ಹಿಂದೆ ಒಂದು ಸಾವಿತ್ತು. ಆನ್ ರೈಸ್ ಅವರ ಮಗಳು 1972ರಲ್ಲಿ, ಆರು ತುಂಬುವ ಮೊದಲೇ, ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಕಾದಂಬರಿಯಲ್ಲಿ ಐದು ವರ್ಷದ ಕ್ಲಾಡಿಯಾ ವ್ಯಾಂಪೈರ್ ಆಗಿ, ಎಂದೂ ಬೆಳೆಯದ, ಎಂದೂ ಸಾಯದ ಮಗುವಾಗಿ ಉಳಿಯುತ್ತಾಳೆ. ಇದನ್ನು ತಿಳಿಯದೆ ಓದಿದಾಗ ಕ್ಲಾಡಿಯಾ ಭಯ ಹುಟ್ಟಿಸುತ್ತಾಳೆ. ತಿಳಿದು ಓದಿದವರಿಗೆ ಅವಳು ಬರುವ ಪುಟಗಳನ್ನು ದಾಟುವುದೇ ಕಷ್ಟವಾಗುತ್ತದೆ.

ಅವರ ಸರಣಿ ಬೆಳೆದಂತೆ ಓದುಗರು ಚದುರಿದರು. ಮೊದಲ ಪುಸ್ತಕದ ನಿರೂಪಕ ಲೂಯಿಯನ್ನು ವ್ಯಾಂಪೈರ್ ಮಾಡಿದ ಲೆಸ್ಟಾಟ್‌ನನ್ನು ನಾಯಕನಾಗಿಸಿದ 1985ರ ಭಾಗವನ್ನು ಮೊದಲ ಪುಸ್ತಕಕ್ಕಿಂತ ಮೇಲೆಂದು ಬಗೆಯುವವರು ಇಂದಿಗೂ ಬಹಳ. ಆದರೆ 2003ರ 'ಬ್ಲಡ್ ಕ್ಯಾಂಟಿಕಲ್' ಹೊತ್ತಿಗೆ, ಸಂಪಾದಕರ ಕತ್ತರಿ ಬಿದ್ದಿಲ್ಲವೆಂಬುದು ಪುಟಗಳಲ್ಲೇ ಕಾಣುತ್ತಿತ್ತು. ಓದುಗರು ಅಮೆಜಾನ್‌ನಲ್ಲಿ ಕಟುವಾಗಿ ಬರೆದಾಗ, 2004ರಲ್ಲಿ ಲೇಖಕಿಯೇ ಅಲ್ಲಿ ದೀರ್ಘ ಉತ್ತರ ಬರೆದು, ತಮ್ಮ ಬರಹಕ್ಕೆ ಸಂಪಾದಕರ ಕೈ ತಾಗಬಾರದೆಂಬ ನಿಲುವನ್ನು ಸಮರ್ಥಿಸಿಕೊಂಡರು. ಇಷ್ಟವಾಗದವರು ಪುಸ್ತಕ ಕಳುಹಿಸಿದರೆ ಹಣ ಹಿಂದಿರುಗಿಸುವುದಾಗಿಯೂ ಹೇಳಿದರು. ಅಭಿಮಾನಿಗಳು ತಮ್ಮ ಪಾತ್ರಗಳನ್ನಿಟ್ಟುಕೊಂಡು ಕಥೆ ಬರೆಯುವುದನ್ನೂ ಅವರು ಹಿಂದೆ ಕಟುವಾಗಿ ವಿರೋಧಿಸಿದ್ದರು. ಅಭಿಪ್ರಾಯ ಬದಲಿಸುವುದು ಓದುಗರಿಗಷ್ಟೇ ಸೇರಿದ ಹಕ್ಕಲ್ಲ ಎಂಬುದಕ್ಕೂ ಅವರೇ ನಿದರ್ಶನ: 1994ರ ಚಲನಚಿತ್ರದಲ್ಲಿ ಲೆಸ್ಟಾಟ್ ಪಾತ್ರಕ್ಕೆ ಟಾಮ್ ಕ್ರೂಸ್ ಅವರನ್ನು ಆರಿಸಿದ್ದನ್ನು ಬಹಿರಂಗವಾಗಿ ಟೀಕಿಸಿದ್ದ ರೈಸ್, ಚಿತ್ರ ನೋಡಿದ ಮೇಲೆ ಪತ್ರಿಕೆಯಲ್ಲಿ ಸ್ವಂತ ಜಾಹೀರಾತು ಕೊಟ್ಟು ಅವರನ್ನು ಹೊಗಳಿದರು.

ಇನ್ನೊಂದು ಬದಲಾವಣೆ ಈಚಿನದು. ಮೂಲ ಕಾದಂಬರಿಯ ಲೂಯಿ 1791ರ ಲೂಯಿಸಿಯಾನದ ತೋಟದ ಒಡೆಯ, ಗುಲಾಮರನ್ನು ಇಟ್ಟುಕೊಂಡವನು. ತನ್ನ ನೋವನ್ನು ಇಷ್ಟು ಸೂಕ್ಷ್ಮವಾಗಿ ಬಣ್ಣಿಸಬಲ್ಲ ಅವನಿಗೆ ತೋಟದಲ್ಲಿ ದುಡಿಯುವವರ ನೋವು ಮಸುಕಾಗಿಯೇ ಉಳಿಯುತ್ತದೆ. 2022ರಲ್ಲಿ ಆರಂಭವಾದ ಟೆಲಿವಿಷನ್ ಸರಣಿ ಲೂಯಿಯನ್ನು ಇಪ್ಪತ್ತನೆಯ ಶತಮಾನದ ಆರಂಭದ ನ್ಯೂ ಆರ್ಲಿಯನ್ಸ್‌ನ ಕಪ್ಪು ವ್ಯಾಪಾರಿಯನ್ನಾಗಿ ಮಾಡಿತು. ಮೂಲನಿಷ್ಠರು ಮೊದಲು ಮುಖ ಸಿಂಡರಿಸಿದರೂ, ಒಡೆತನ ಮತ್ತು ಅಧೀನತೆಯ ವಸ್ತು ಆ ಬದಲಾವಣೆಯಿಂದ ಇನ್ನಷ್ಟು ಹರಿತವಾಯಿತೆಂಬುದು ನನ್ನ ಎಣಿಕೆ. ರೈಸ್ 2021ರ ಡಿಸೆಂಬರ್‌ನಲ್ಲಿ ನಿಧನರಾದರು. ಸರಣಿ ಪ್ರಸಾರವಾದದ್ದನ್ನು ಅವರು ಕಾಣಲಿಲ್ಲ.

"ಸರಣಿ ಹಾಳಾಯಿತು" ಎನ್ನುವುದು ಯಾವಾಗ ನ್ಯಾಯವಾದ ಮಾತು?

ಪುಸ್ತಕವೇ ಬದಲಾದಾಗ. ಲಾರೆಲ್ ಕೆ. ಹ್ಯಾಮಿಲ್ಟನ್ ಅವರ ಆನಿಟಾ ಬ್ಲೇಕ್ ಸರಣಿ ಇದಕ್ಕೆ ಸ್ಪಷ್ಟ ಉದಾಹರಣೆ. 1993ರಲ್ಲಿ ಆರಂಭವಾದಾಗ ಅದು ಸೇಂಟ್ ಲೂಯಿಸ್ ನಗರದಲ್ಲಿ ಹೆಣಗಳನ್ನು ಎಬ್ಬಿಸುವ ವೃತ್ತಿಯ ಹೆಣ್ಣೊಬ್ಬಳು ಪೊಲೀಸರಿಗೆ ನೆರವಾಗುವ ಪತ್ತೇದಾರಿ ಕಥೆಯಾಗಿತ್ತು. ಒಂಬತ್ತನೆಯ ಭಾಗದವರೆಗೂ ತನಿಖೆಯೇ ಮುಂದೆ ನಿಂತಿತ್ತು. 2001ರ ಹತ್ತನೆಯ ಭಾಗದಿಂದ ಕಾಮವನ್ನೇ ಆಹಾರವಾಗಿ ಬೇಡುವ ಅಲೌಕಿಕ ಹಸಿವು ನಾಯಕಿಯನ್ನು ಹಿಡಿದುಕೊಂಡು, ಕೊಲೆಯ ಪ್ರಕರಣಗಳು ಹಿನ್ನೆಲೆಗೆ ಸರಿದವು. ಅಲ್ಲಿಗೆ ಬಿಟ್ಟೆವೆನ್ನುವ ಓದುಗರನ್ನು ಮಡಿವಂತರೆಂದು ಹೀಗಳೆಯುವುದು ತಪ್ಪು. ಅವರು ಕೊಂಡದ್ದು ಒಂದು ಬಗೆಯ ಕಥೆ, ಕೈಗೆ ಬಂದದ್ದು ಇನ್ನೊಂದು. ಹೊಸ ದಾರಿಯನ್ನೇ ಮೆಚ್ಚಿ ಸೇರಿಕೊಂಡ ಓದುಗರೂ ಇದ್ದಾರೆ, ಅವರ ಮೆಚ್ಚುಗೆಯೂ ಪ್ರಾಮಾಣಿಕವಾದದ್ದು.

ಇದಕ್ಕೆ ವಿರುದ್ಧವಾದದ್ದು ಶಾರ್ಲೇನ್ ಹ್ಯಾರಿಸ್ ಅವರ ಸೂಕಿ ಸ್ಟ್ಯಾಕ್‌ಹೌಸ್ ಕಥೆಗಳು. 2001ರಿಂದ 2013ರವರೆಗೆ ಬಂದ ಹದಿಮೂರು ಭಾಗಗಳ ಕೊನೆಗೆ ಸೂಕಿ ವ್ಯಾಂಪೈರ್ ಎರಿಕ್‌ನ ಬದಲು ತಾನು ಕೆಲಸ ಮಾಡುತ್ತಿದ್ದ ಬಾರಿನ ಮಾಲೀಕ ಸ್ಯಾಮ್‌ನ ಕಡೆ ವಾಲುತ್ತಾಳೆ. ಎರಿಕ್‌ನ ಅಭಿಮಾನಿಗಳು ಲೇಖಕಿಯ ಮೇಲೆ ಹರಿಹಾಯ್ದರು. ಆದರೆ ಬಿಸಿಲನ್ನು ಪ್ರೀತಿಸುವ, ಮಕ್ಕಳನ್ನು ಬಯಸುವ ಹುಡುಗಿ ಅವಳೆಂದು ಲೇಖಕಿ ಆರಂಭದಿಂದಲೂ ಬರೆದಿದ್ದರು. ಈ ಕಥೆಗಳನ್ನಾಧರಿಸಿ 2008ರಿಂದ 2014ರವರೆಗೆ ನಡೆದ 'ಟ್ರೂ ಬ್ಲಡ್' ಧಾರಾವಾಹಿಯ ಎರಿಕ್‌ನನ್ನು ಕಣ್ಣಲ್ಲಿಟ್ಟುಕೊಂಡು ಓದಿದವರಿಗೆ ಆ ಸಾಲುಗಳು ಕಾಣಲಿಲ್ಲ. ಇಲ್ಲಿ ದ್ರೋಹ ನಡೆದಿಲ್ಲ, ಗಮನ ತಪ್ಪಿದೆ.

'ವ್ಯಾಂಪೈರ್ ಡೈರೀಸ್'ನ ನಂತರದ ಭಾಗಗಳು ಬೇರೆಯವರ ಕೈಬರಹದಂತೆ ಏಕಿವೆ?

ಬೇರೆಯವರೇ ಬರೆದದ್ದರಿಂದ. ಎಲ್.ಜೆ. ಸ್ಮಿತ್ ಅವರು ತೊಂಬತ್ತರ ದಶಕದ ಆರಂಭದಲ್ಲಿ ಬರೆದ ಈ ಸರಣಿಯ ಹಕ್ಕು ಒಪ್ಪಂದದ ಪ್ರಕಾರ ಕಥೆಯನ್ನು ಬರೆಸಿದ ಸಂಸ್ಥೆಯದಾಗಿತ್ತು. 2009ರಲ್ಲಿ ಟೆಲಿವಿಷನ್ ಧಾರಾವಾಹಿ ಗೆದ್ದು ಸರಣಿಗೆ ಮರುಜೀವ ಬಂದರೂ, 2011ರಲ್ಲಿ ಅವರನ್ನು ಕೈಬಿಟ್ಟು ಮರೆಯ ಲೇಖಕರಿಂದ ಬರೆಸಲಾಯಿತು. ತಮ್ಮದೇ ಪಾತ್ರಗಳ ಕಥೆಯನ್ನು ಅವರು ಮುಂದೆ ಅಮೆಜಾನ್‌ನ ಅಭಿಮಾನಿ-ಕಥೆಗಳ ವಿಭಾಗದಲ್ಲಿ ಪ್ರಕಟಿಸಬೇಕಾಯಿತು. ಆ ಭಾಗಗಳ ದೋಷವನ್ನು ಅವರ ತಲೆಗೆ ಕಟ್ಟುವ ಮುನ್ನ ಇದು ಗೊತ್ತಿರಲಿ.

ಪಿಶಾಚಿಯನ್ನು ನಾಯಕನನ್ನಾಗಿ ಮಾಡಿ ಮರುಗುವುದು ಪಾಶ್ಚಾತ್ಯರ ಹೊಸ ಚಾಳಿಯಲ್ಲವೇ? ನಮ್ಮವರಿಗೆ ಇದು ಹೇಗೆ ರುಚಿಸಬೇಕು?

ಚಿತ್ರದುರ್ಗದವರು ಈ ಪ್ರಶ್ನೆ ಕೇಳಿದಾಗ ಅವರ ಕೋಟೆಯನ್ನೇ ತೋರಿಸಬೇಕಾಗುತ್ತದೆ. ಅಲ್ಲಿನ ಹಿಡಿಂಬೇಶ್ವರ ದೇವಾಲಯಕ್ಕೆ ಭೀಮನಿಂದ ಹತನಾದ ಹಿಡಿಂಬಾಸುರನ ಹೆಸರಿದೆ, ಅವನದೆಂದು ನಂಬುವ ಹಲ್ಲೂ ಅಲ್ಲಿದೆ. ರಾಕ್ಷಸನನ್ನು ಕೊಂದ ಕಥೆಯನ್ನೂ ಅವನ ಹೆಸರಿಗೆ ಕೈಮುಗಿಯುವುದನ್ನೂ ಒಟ್ಟಿಗೆ ಇಟ್ಟುಕೊಂಡು ಬಂದ ಜನ ನಾವು. ಚಂದಮಾಮದ ಬೇತಾಳನನ್ನೇ ನೋಡಿ. ಕಥಾಸರಿತ್ಸಾಗರದಲ್ಲಿ ಅವನು ಸ್ಮಶಾನದ ಮರಕ್ಕೆ ನೇತುಬಿದ್ದ ಹೆಣದೊಳಗೆ ಸೇರಿಕೊಂಡವನು. ರಾಜನನ್ನು ಪ್ರಶ್ನೆಗಳಿಂದ ಕಾಡಿಸಿದರೂ, ಕೊನೆಗೆ ಕಪಟ ಸನ್ಯಾಸಿಯ ಸಂಚನ್ನು ತಿಳಿಸಿ ಅವನ ಪ್ರಾಣ ಉಳಿಸುವವನೂ ಅವನೇ. ಚಂದಮಾಮದ ಚಿತ್ರಕಾರ ಶಂಕರ್ ಬಿಡಿಸಿದ ಚಿತ್ರದಲ್ಲಿ ರಾಜನ ಹೆಗಲೇರಿದ್ದ ಆ ಹೆಣವನ್ನು ನೋಡಿ ಬೆಳೆದವರಿಗೆ ಮಾತನಾಡುವ ಪಿಶಾಚಿ ಪರಕೀಯನಲ್ಲ.

ನಮ್ಮಲ್ಲಿ ಅಭಿಪ್ರಾಯ ಹೊರಳಿದ ಬೇರೊಂದು ಪ್ರಸಂಗ ಯಂಡಮೂರಿ ವೀರೇಂದ್ರನಾಥ್ ಅವರ 'ತುಳಸಿದಳ'. ಮಾಟಕ್ಕೆ ಗುರಿಯಾದ ಪುಟ್ಟ ಹುಡುಗಿಯ ಈ ತೆಲುಗು ಕಾದಂಬರಿ ಕನ್ನಡಕ್ಕೆ ಬಂದು, 1985ರಲ್ಲಿ ಕನ್ನಡ ಚಲನಚಿತ್ರವೂ ಆಯಿತು. ಇದು ಮೂಢನಂಬಿಕೆಗೆ ನೀರೆರೆಯುತ್ತದೆಂದು ತೆಲುಗಿನ ರಂಗನಾಯಕಮ್ಮ ಅಂದೇ ಕಟುವಾಗಿ ಬರೆದಿದ್ದರು. ಆಗ ರಾತ್ರಿ ದೀಪ ಆರಿಸಲು ಹೆದರಿದ್ದ ನಮ್ಮ ಹಿರಿಯ ಸದಸ್ಯರಲ್ಲಿ ಕೆಲವರು ಇಂದು ಆ ಟೀಕೆಯನ್ನು ಒಪ್ಪುತ್ತಾರೆ. ಇನ್ನು ಕೆಲವರು ಕಥೆ ಬೇರೆ, ನಂಬಿಕೆ ಬೇರೆ ಎನ್ನುತ್ತಾರೆ. ನಾನು ಎರಡನೆಯವರ ಪಕ್ಷ, ಆದರೆ ಷರತ್ತಿನೊಂದಿಗೆ. ಫೋರ್ಕ್ಸ್‌ನ ವ್ಯಾಂಪೈರ್‌ಗೆ ಹೆದರಿ ಯಾರೂ ಪಕ್ಕದ ಮನೆಯವರ ಮೇಲೆ ಅನುಮಾನ ಪಡುವುದಿಲ್ಲ. ಮಾಟದ ಹೆಸರಿನಲ್ಲಿ ಹಾಗೆ ಅನುಮಾನ ಪಡುವ, ಹಿಂಸೆಗೂ ಇಳಿಯುವ ಊರುಗಳು ನಮ್ಮಲ್ಲಿರುವುದರಿಂದಲೇ ರಾಜ್ಯ 2017ರಲ್ಲಿ ಅದರ ವಿರುದ್ಧ ಕಾಯ್ದೆ ತರಬೇಕಾಯಿತು. ಎರಡೂ ಬಗೆಯ ಕಥೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮೊದಲ ಸಲ ಓದುವವರು ಯಾವುದರಿಂದ ಆರಂಭಿಸಬೇಕು?

ಶೆರಿಡನ್ ಲೆ ಫಾನು ಅವರ 'ಕಾರ್ಮಿಲಾ'ದಿಂದ. ಡ್ರಾಕುಲಾಗಿಂತ ಇಪ್ಪತ್ತೈದು ವರ್ಷ ಹಿರಿಯದು, ಒಂದು ಭಾನುವಾರದಲ್ಲಿ ಓದಿ ಮುಗಿಯುವಷ್ಟು ಚಿಕ್ಕದು. ಆಮೇಲೆ ಡ್ರಾಕುಲಾ. ಅದರ ಮಧ್ಯಭಾಗ ಎಳೆದಂತಿದೆ ಎಂಬ ದೂರು ಸರಿಯೇ, ಆದರೆ ಮೊದಲ ನಾಲ್ಕು ಅಧ್ಯಾಯಗಳಿಗೆ ಸರಿಗಟ್ಟುವಂಥದ್ದು ಈ ಪ್ರಕಾರದಲ್ಲಿ ಕಡಿಮೆ.

ಇನ್ನೂ ಮುಗಿಯದ ಸರಣಿಯನ್ನು ಹಿಡಿಯಬಹುದೇ?

ತಾಳ್ಮೆಯಿದ್ದರೆ ಹಿಡಿಯಬಹುದು. ಮಾಂತ್ರಿಕ ಪತ್ತೇದಾರನೊಬ್ಬ ವ್ಯಾಂಪೈರ್‌ಗಳನ್ನೂ ಎದುರಿಸುವ ಜಿಮ್ ಬುಚರ್ ಅವರ ಡ್ರೆಸ್ಡೆನ್ ಸರಣಿಯ ಹದಿನೈದನೆಯ ಭಾಗ 2014ರಲ್ಲಿ ಬಂದರೆ ಹದಿನಾರನೆಯದು ಬಂದದ್ದು 2020ರಲ್ಲಿ. ಕಾದ ಓದುಗರ ಕೈಗೆ ಒಂದೇ ಕಥೆಯನ್ನು ಎರಡಾಗಿ ಕತ್ತರಿಸಿದ ಎರಡು ಪುಸ್ತಕಗಳು ಅದೇ ವರ್ಷ ಬಂದವು. ಮೊದಲನೆಯದು ಅರ್ಧಕ್ಕೇ ನಿಂತಂತಿದೆ ಎಂದು ಮುನಿಸಿಕೊಂಡವರು ಬಹಳ. 2000ದ ಮೊದಲ ಭಾಗವನ್ನು ಈಗ ತೆರೆದರೆ, ನಾಯಕ ಹೆಂಗಸರನ್ನು ನೋಡುವ, ಬಣ್ಣಿಸುವ ಬಗೆ ಹಳಸಿದಂತೆ ತೋರುತ್ತದೆ. ಮೊದಲೆರಡು ಭಾಗಗಳನ್ನು ಬಿಟ್ಟು ಮೂರನೆಯದರಿಂದ ಆರಂಭಿಸಿ ಎಂದು ಅಭಿಮಾನಿಗಳೇ ಸಲಹೆ ಕೊಡುತ್ತಾರೆ, ಮತ್ತು ಆ ಸಲಹೆ ಒಳ್ಳೆಯದು. ಬಳಗದ ಸಭೆಯಲ್ಲಿ ಈ ಸರಣಿಯ ಮಾತೆತ್ತುವವರು ತಾವು ಎಷ್ಟನೆಯ ಭಾಗದವರೆಗೆ ಓದಿದ್ದೀರೆಂದು ಮೊದಲೇ ತಿಳಿಸಬೇಕು. ಮೆಚ್ಚಿದ ಅಥವಾ ಮೆಚ್ಚದ ಪುಟಕ್ಕೆ ಗುರುತಿಟ್ಟು ಪುಸ್ತಕವನ್ನೂ ಜೊತೆಗೆ ತರಬೇಕು.